ತಾನಾಗಿ ತೆರೆಯುವ ಬಾಗಿಲಿಗೆ ಕೀಲೆಣ್ಣೆ

ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದ ಹಿರಿಯರು ಇಂದು ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಸಿಗುತ್ತಾರೆ. ಅಲ್ಲಿನ ಹೆದ್ದಾರಿಗಳು, ಕಡಲಿನಷ್ಟು ದೊಡ್ಡ ಅಂಗಡಿಗಳು, ಮೊದಲ ಬಾರಿ ಕಂಡ ಹಿಮ, ಮನುಷ್ಯರೇ ಇಲ್ಲದ ಬೀದಿಯ ಮೌನ ಇವನ್ನೆಲ್ಲ ಅವರು ಬಲಿಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಂತು ವರ್ಣಿಸುವುದನ್ನು ನಾನು ಸಂತೋಷದಿಂದ ಕೇಳಿದ್ದೇನೆ. ಆದರೆ ಮಕ್ಕಳ ಆ ಮನೆಯಲ್ಲಿ ದಿನವೂ ಚಲಿಸುವ ವಸ್ತುಗಳಲ್ಲೆಲ್ಲ ಅತಿ ದೊಡ್ಡದೂ ಅತಿ ಭಾರವಾದುದೂ ಯಾವುದು ಎಂದು ಕೇಳಿದರೆ ಅವರು ಒಮ್ಮೆ ಯೋಚಿಸುತ್ತಾರೆ. ಅದು ಕಾರು ನಿಲ್ಲಿಸುವ ಗ್ಯಾರೇಜಿನ ಬಾಗಿಲು. ಕಾರಿನಲ್ಲಿ ಕುಳಿತು ಗುಂಡಿ ಒತ್ತಿದೊಡನೆ ಅದು ಮೇಲೇರಿ ಛಾವಣಿಯ ಕೆಳಗೆ ಮಲಗುತ್ತದೆ. ಇನ್ನೊಮ್ಮೆ ಒತ್ತಿದರೆ ಇಳಿದು ಮುಚ್ಚಿಕೊಳ್ಳುತ್ತದೆ. ಮನೆಯ ಮುಂಬಾಗಿಲನ್ನು ಅಲ್ಲಿ ಅತಿಥಿಗಳು ಮಾತ್ರ ಬಳಸುತ್ತಾರೆ. ಮನೆಮಂದಿ ಹೋಗಿ ಬರುವುದು ಈ ಬಾಗಿಲಿನಿಂದಲೇ.

ಅಮೆರಿಕದ ಉತ್ತರಭಾಗದ ಮಿನ್ನೆಸೋಟ ರಾಜ್ಯದ ಸಣ್ಣ ಊರೊಂದರ ಧರ್ಮಕೇಂದ್ರದಲ್ಲಿ ನಾನು ಕೆಲವು ವರ್ಷ ಸೇವೆ ಸಲ್ಲಿಸಿದೆ. ಗುರುಗಳ ನಿವಾಸಕ್ಕೆ ಅಂಟಿಕೊಂಡಂತೆ ಎರಡು ಕಾರುಗಳ ಗ್ಯಾರೇಜು ಇತ್ತು. ಹೊಲದ ಯಂತ್ರಗಳನ್ನು ದುರಸ್ತಿ ಮಾಡುತ್ತ ಬಾಳು ಸವೆಸಿ ನಿವೃತ್ತರಾಗಿದ್ದ ಒಬ್ಬ ಹಿರಿಯರು ವರ್ಷಕ್ಕೆ ಎರಡು ಬಾರಿ, ಹಿಮ ಬೀಳುವ ಮುನ್ನ ಅಕ್ಟೋಬರಿನಲ್ಲಿ ಮತ್ತು ಪಾಸ್ಕ ಹಬ್ಬದ ಆಸುಪಾಸಿನಲ್ಲಿ, ಒಂದು ಡಬ್ಬಿ ಗ್ರೀಸು, ಒಂದು ಹಳೆಯ ಬಟ್ಟೆ ಮತ್ತು ಒಂದು ಮರದ ತುಂಡನ್ನು ಹಿಡಿದು ಬರುತ್ತಿದ್ದರು. ಟಾರ್ಚು ಹಿಡಿಯುವ ಕೆಲಸ ನನ್ನದು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಹೆಚ್ಚುಪಾಲು ಆ ಟಾರ್ಚಿನ ಬೆಳಕಿನಲ್ಲಿ ಕಲಿತದ್ದು. ಸಮುದ್ರದಾಚೆಯ ಒಂದು ಯಂತ್ರದ ವಿಷಯ ನಮಗೇಕೆ ಎಂದು ನಿಮಗೆ ಅನ್ನಿಸಬಹುದು. ಆ ಮನೆಗಳಲ್ಲಿ ಹಗಲಿಡೀ ಇರುವವರು ನೀವು. ಆ ಬಾಗಿಲಿನ ಕೆಳಗೆ ಓಡಾಡುವವರು ನಿಮ್ಮ ಮೊಮ್ಮಕ್ಕಳು.

ಮೊದಲು ಬಾಗಿಲಿನ ರಚನೆಯನ್ನು ತಿಳಿಯಬೇಕು. ಮೇಲಕ್ಕೇರುವ ಬಗೆಯ ಗ್ಯಾರೇಜು ಬಾಗಿಲನ್ನು ಅಮೆರಿಕದ ಸಿ. ಜಿ. ಜಾನ್ಸನ್ ಎಂಬವರು ೧೯೨೧ರಲ್ಲಿ ರೂಪಿಸಿದರು. ಅದನ್ನು ವಿದ್ಯುತ್ತಿನಿಂದ ತೆರೆಯುವ ಯಂತ್ರವನ್ನು ೧೯೨೬ರಲ್ಲಿ ಅವರೇ ತಯಾರಿಸಿದರು. ಮೂಲ ವ್ಯವಸ್ಥೆ ಇಂದಿಗೂ ಹೆಚ್ಚು ಬದಲಾಗಿಲ್ಲ. ಅಡ್ಡ ಪಟ್ಟಿಗಳನ್ನು ಕೀಲುಗಳಿಂದ ಜೋಡಿಸಿ ಮಾಡಿದ ಬಾಗಿಲು. ಅದರ ಎರಡೂ ಅಂಚುಗಳಲ್ಲಿ ಸಣ್ಣ ಗಾಲಿಗಳು. ಆ ಗಾಲಿಗಳು ಉರುಳುವ ಬಾಗಿದ ಹಳಿಗಳು. ಛಾವಣಿಗೆ ತೂಗುಹಾಕಿದ ಮೋಟಾರೊಂದು ಸರಪಳಿಯಿಂದಲೋ ಬೆಲ್ಟಿನಿಂದಲೋ ಉದ್ದನೆಯ ತಿರುಪಿನಿಂದಲೋ ಬಾಗಿಲನ್ನು ಎಳೆಯುತ್ತದೆ. ಎರಡು ಕಾರುಗಳಿಗಾಗಿ ಮಾಡಿದ ಹದಿನಾರು ಅಡಿ ಅಗಲದ ಉಕ್ಕಿನ ಬಾಗಿಲು ೭೦ರಿಂದ ೧೦೦ ಕಿಲೋ ತೂಗುತ್ತದೆ. ಮರದ್ದಾದರೆ ಇನ್ನೂ ಹೆಚ್ಚು.

ಇಷ್ಟು ಭಾರವನ್ನು ಎತ್ತುವುದು ಆ ಮೋಟಾರು ಎಂದೇ ಎಲ್ಲರೂ ಭಾವಿಸುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ಆ ಮೋಟಾರು ಸಾಮಾನ್ಯವಾಗಿ ಅರ್ಧ ಅಶ್ವಶಕ್ತಿಯದು. ಭಾರವನ್ನು ಹೊರುವುದು ಬಾಗಿಲಿನ ನೆತ್ತಿಯ ಮೇಲೆ, ಒಂದು ಉಕ್ಕಿನ ದಂಡಕ್ಕೆ ಸುತ್ತಿ ಬಿಗಿದಿರುವ ಸ್ಪ್ರಿಂಗು. ಬಾಗಿಲು ಇಳಿಯುವಾಗ ಅದು ಬಿಗಿಯುತ್ತ ಹೋಗುತ್ತದೆ. ಏರುವಾಗ ಸಡಿಲಗೊಳ್ಳುತ್ತ, ಎರಡು ಬದಿಯ ರಾಟೆಗಳ ಮೇಲೆ ಉಕ್ಕಿನ ಹಗ್ಗಗಳನ್ನು ಸುತ್ತಿಕೊಂಡು ಬಾಗಿಲನ್ನು ಮೇಲೆಳೆಯುತ್ತದೆ. ನಮ್ಮ ಊರಿನ ಅಂಗಡಿಗಳ ಶಟರಿನ ನೆತ್ತಿಯ ಕೊಳವೆಯೊಳಗೆ ಅಡಗಿರುವ ಸ್ಪ್ರಿಂಗು ಮಾಡುವುದೂ ಇದೇ ಕೆಲಸವನ್ನು. ಬೆಳಿಗ್ಗೆ ಅಂಗಡಿಯ ಹುಡುಗ ಒಂದೇ ಎಳೆತಕ್ಕೆ ಶಟರನ್ನು ಮೇಲಕ್ಕೆ ಹಾರಿಸುವುದು ತೋಳಿನ ಬಲದಿಂದಷ್ಟೇ ಅಲ್ಲ. ಸ್ಪ್ರಿಂಗು ಸರಿಯಿದ್ದರೆ ೧೦೦ ಕಿಲೋ ತೂಕದ ಬಾಗಿಲು ಕೈಗೆ ನಾಲ್ಕೈದು ಕಿಲೋದಷ್ಟೇ ಭಾರವೆನಿಸುತ್ತದೆ. ಮೋಟಾರಿಗೆ ಉಳಿಯುವುದು ಅಷ್ಟನ್ನು ತಳ್ಳಿ ದಾರಿ ತೋರಿಸುವ ಕೆಲಸ ಮಾತ್ರ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಪ್ರಧಾನ ಕಾರಣವೆಂದೂ ಸಾಧನ ಕಾರಣವೆಂದೂ ಭೇದ ಮಾಡಲು ನಾವು ಬಹಳ ಪಾಡುಪಡುತ್ತಿದ್ದೆವು. ಆಗ ಯಾರಾದರೂ ನಮ್ಮನ್ನು ಒಂದು ಶಟರಿನ ಮುಂದೆ ನಿಲ್ಲಿಸಿದ್ದರೆ ಸಾಕಾಗುತ್ತಿತ್ತು.

ಇಲ್ಲಿಯೇ ಅಪಾಯವೂ ಅಡಗಿದೆ. ಸ್ಪ್ರಿಂಗು ವರ್ಷಗಳು ಕಳೆದಂತೆ ದುರ್ಬಲವಾಗುತ್ತದೆ. ಗಾಲಿಗಳು ಒಣಗಿ ತಿರುಗಲಾರದೆ ಹಳಿಗೆ ಉಜ್ಜತೊಡಗುತ್ತವೆ. ಕೀಲುಗಳು ತುಕ್ಕು ಹಿಡಿಯುತ್ತವೆ. ಕೈಯಿಂದ ಎತ್ತುವ ಬಾಗಿಲಾಗಿದ್ದರೆ ಇದು ಮೊದಲ ವಾರದಲ್ಲೇ ನಮ್ಮ ಸೊಂಟಕ್ಕೆ ತಿಳಿಯುತ್ತಿತ್ತು. ಆದರೆ ಗುಂಡಿ ಒತ್ತುವ ಬೆರಳಿಗೆ ಏನೂ ತಿಳಿಯದು. ಮೋಟಾರು ಹೆಚ್ಚು ಶ್ರಮಪಟ್ಟು, ಹೆಚ್ಚು ಗೊಣಗುತ್ತ, ಬಾಗಿಲಿನ ಅಸ್ವಸ್ಥತೆಯನ್ನು ಮರೆಮಾಚುತ್ತದೆ. ಒಂದು ಮುಂಜಾನೆ ಸ್ಪ್ರಿಂಗು ಗುಂಡು ಹಾರಿಸಿದಂತೆ ಸದ್ದು ಮಾಡಿ ತುಂಡಾಗುವವರೆಗೂ ಮರೆಮಾಚುತ್ತದೆ. ಸಾಧಾರಣ ಸ್ಪ್ರಿಂಗನ್ನು ಸುಮಾರು ೧೦,೦೦೦ ಬಾರಿ ತೆರೆದು ಮುಚ್ಚುವ ಲೆಕ್ಕದಲ್ಲಿ ಮಾಡಿರುತ್ತಾರೆ. ದಿನಕ್ಕೆ ನಾಲ್ಕು ಬಾರಿ ಬಾಗಿಲು ತೆರೆದು ಮುಚ್ಚುವ ಮನೆಯಲ್ಲಿ ಅದು ಏಳು ವರ್ಷಕ್ಕೂ ಕೊಂಚ ಕಡಿಮೆ. ದಂಪತಿಗಳಿಬ್ಬರೂ ಕೆಲಸಕ್ಕೆ ಹೋಗುವ, ಮಕ್ಕಳನ್ನು ಶಾಲೆಗೆ, ಈಜಿಗೆ, ಸಂಗೀತಕ್ಕೆ ಕರೆದೊಯ್ಯುವ ಮನೆಗಳಲ್ಲಿ ನಾಲ್ಕು ಬಾರಿ ಎಂಬುದು ಬಹಳ ಕಡಿಮೆಯ ಲೆಕ್ಕವೇ ಸರಿ.

ಆದುದರಿಂದ ಆ ಹಿರಿಯರು ಬಂದೊಡನೆ ಎಣ್ಣೆಯ ಡಬ್ಬಿ ತೆರೆಯುತ್ತಿರಲಿಲ್ಲ. ಬಕೆಟ್ಟೊಂದನ್ನು ಬೋರಲು ಹಾಕಿ ಕುಳಿತು, ಬಾಗಿಲನ್ನು ಎರಡು ಬಾರಿ ತೆರೆಸಿ ಮುಚ್ಚಿಸಿ, ಕಣ್ಣು ಮುಚ್ಚಿ ಆಲಿಸುತ್ತಿದ್ದರು. ಕಿರುಗುಟ್ಟುವುದು ಯಾವ ಕೀಲು, ಕಟಕಟ ಎನ್ನುವುದು ಯಾವ ಗಾಲಿ, ಎಲ್ಲಿ ಬಾಗಿಲು ತಡೆದು ತಡೆದು ಇಳಿಯುತ್ತದೆ ಎಂದು ಗುರುತಿಸಿಕೊಳ್ಳುತ್ತಿದ್ದರು. ಎಣ್ಣೆ ಹಾಕಿಬಿಟ್ಟರೆ ಈ ಮಾತುಗಳೆಲ್ಲ ಅಡಗಿಹೋಗುತ್ತವೆ, ಆಮೇಲೆ ರೋಗ ಯಾವುದೆಂದು ಹುಡುಕುವುದು ಕಷ್ಟ ಎಂಬುದು ಅವರ ಅನುಭವ. ಸದ್ದು ನಿಲ್ಲಿಸುವುದೇ ಕೀಲೆಣ್ಣೆಯ ಉದ್ದೇಶವೆಂದು ತಿಳಿದವರೇ ಹೆಚ್ಚು. ಸದ್ದು ನಿಲ್ಲುವುದು ಅದರ ಫಲಗಳಲ್ಲಿ ಒಂದು ಮಾತ್ರ.

ಆಲಿಸಿದ ಮೇಲೆ ಎರಡನೆಯ ಪರೀಕ್ಷೆ. ಬಾಗಿಲು ಪೂರ್ತಿ ಮುಚ್ಚಿರುವಾಗ, ಮೋಟಾರಿನ ಕಂಬಿಯಿಂದ ತೂಗಾಡುವ ಕೆಂಪು ಹಿಡಿಕೆಯ ಹಗ್ಗವನ್ನು ಎಳೆಯಬೇಕು. ಆಗ ಬಾಗಿಲಿಗೂ ಮೋಟಾರಿಗೂ ಸಂಬಂಧ ಕಡಿಯುತ್ತದೆ. ಈಗ ಕೈಯಿಂದ ಬಾಗಿಲನ್ನು ಸೊಂಟದೆತ್ತರಕ್ಕೆ ಎತ್ತಿ ಮೆಲ್ಲನೆ ಕೈಬಿಡಬೇಕು. ಅದು ಅಲ್ಲಿಯೇ ನಿಂತರೆ ಸ್ಪ್ರಿಂಗು ಆರೋಗ್ಯವಾಗಿದೆ ಎಂದರ್ಥ. ಕೆಳಕ್ಕೆ ಕುಸಿದರೆ ದುರ್ಬಲವಾಗಿದೆ. ಮೇಲಕ್ಕೆ ಹಾರಿದರೆ ಅಗತ್ಯಕ್ಕಿಂತ ಹೆಚ್ಚು ಬಿಗಿಯಾಗಿದೆ. ಎರಡರಲ್ಲಿ ಯಾವುದಾದರೂ ಬಲ್ಲವರನ್ನು ಕರೆಸಲೇಬೇಕು. ಆ ಸ್ಪ್ರಿಂಗನ್ನಾಗಲಿ, ಉಕ್ಕಿನ ಹಗ್ಗವನ್ನು ಬಾಗಿಲಿನ ಕೆಳಮೂಲೆಗೆ ಬಿಗಿದಿರುವ ಕೊಂಡಿಯನ್ನಾಗಲಿ ಮನೆಯವರು ಮುಟ್ಟಕೂಡದು. ಅದರಲ್ಲಿ ಅಡಗಿರುವ ಬಿಗಿತ ಕೈ ಮುರಿಯಬಲ್ಲದು, ಪ್ರಾಣವನ್ನೂ ತೆಗೆಯಬಲ್ಲದು. ಜೀವನವಿಡೀ ಟ್ರ್ಯಾಕ್ಟರು ಬಿಚ್ಚಿ ಜೋಡಿಸಿದ ಆ ಹಿರಿಯರು ಕೂಡ ಸ್ಪ್ರಿಂಗಿನ ಬದಲಾವಣೆಗೆ ಬೇರೆಯವರನ್ನೇ ಕರೆಸುತ್ತಿದ್ದರು. ಬಾಗಿಲು ಮೇಲಿರುವಾಗ ಕೆಂಪು ಹಗ್ಗವನ್ನು ಎಳೆಯಬಾರದೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸ್ಪ್ರಿಂಗು ತುಂಡಾಗಿದ್ದರೆ ಇಡೀ ಬಾಗಿಲು ಒಮ್ಮೆಗೇ ಕೆಳಗೆ ಬೀಳುತ್ತದೆ.

ಇನ್ನು ಎಣ್ಣೆಯ ವಿಚಾರ. ಅಮೆರಿಕದ ಬಹುತೇಕ ಮನೆಗಳಲ್ಲಿ ನೀಲಿ ಹಳದಿ ಡಬ್ಬಿಯೊಂದು ಇದ್ದೇ ಇರುತ್ತದೆ: ಡಬ್ಲ್ಯೂಡಿ-೪೦. ಈಗ ನಮ್ಮ ಪೇಟೆಗಳಲ್ಲೂ ಸಿಗುತ್ತದೆ. ಏನು ಕಿರುಗುಟ್ಟಿದರೂ ಅದನ್ನು ಸಿಂಪಡಿಸುವುದು ರೂಢಿ. ಅದರ ಹೆಸರಿನ ಅರ್ಥವೇ ನೀರನ್ನು ಹೊರದೂಡುವುದು ಎಂದು. ೧೯೫೩ರಲ್ಲಿ ಸ್ಯಾನ್ ಡಿಯಾಗೋದಲ್ಲಿ ನಲವತ್ತನೆಯ ಪ್ರಯತ್ನಕ್ಕೆ ಕೈಗೂಡಿದ ಮಿಶ್ರಣ ಅದು. ಕ್ಷಿಪಣಿಗಳ ಹೊರಮೈ ತುಕ್ಕು ಹಿಡಿಯದಂತೆ ಕಾಪಾಡಲು ಅದನ್ನು ಬಳಸಿದರು. ತುಕ್ಕು ಬಿಡಿಸಲು, ಕೊಳೆ ತೊಳೆಯಲು ಅದು ಉತ್ತಮ. ಆದರೆ ಭಾರ ಹೊತ್ತು ತಿರುಗುವ ಕೀಲಿನಲ್ಲಿ ಅದು ಬಹುಕಾಲ ನಿಲ್ಲುವುದಿಲ್ಲ. ಇದ್ದ ಹಳೆಯ ಗ್ರೀಸನ್ನೂ ಕರಗಿಸಿಬಿಡುತ್ತದೆ. ಬಾಗಿಲಿಗೆ ಬೇಕಾದದ್ದು ಬಿಳಿಯ ಲಿಥಿಯಂ ಗ್ರೀಸು ಅಥವಾ ಸಿಲಿಕೋನು ಬೆರೆತ ಕೀಲೆಣ್ಣೆ. ಮಿನ್ನೆಸೋಟದಲ್ಲಿ ಶೂನ್ಯಕ್ಕಿಂತ ೨೫ ಡಿಗ್ರಿ ಕೆಳಗಿಳಿಯುವ ರಾತ್ರಿಗಳು ಅಪರೂಪವಲ್ಲ. ಆ ಚಳಿಯಲ್ಲಿ ದಪ್ಪ ಗ್ರೀಸು ಮೇಣದಂತೆ ಗಟ್ಟಿಯಾಗಿ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ಚಳಿಗೆ ಗಟ್ಟಿಯಾಗದ ಬಗೆಯನ್ನೇ ಆರಿಸಬೇಕು, ಅದನ್ನೂ ಸ್ವಲ್ಪವೇ ಹಾಕಬೇಕು.

ಎಲ್ಲಿ ಹಾಕಬೇಕು ಎಂಬುದಕ್ಕಿಂತ ಎಲ್ಲಿ ಹಾಕಬಾರದು ಎಂಬುದನ್ನು ಆ ಹಿರಿಯರು ಒತ್ತಿ ಹೇಳುತ್ತಿದ್ದರು. ಗಾಲಿಗಳು ಉರುಳುವ ಹಳಿಗೆ ಎಣ್ಣೆ ಬೇಡ. ಎಣ್ಣೆಗೆ ಧೂಳು ಅಂಟಿ, ಧೂಳಿಗೆ ಮರಳು ಅಂಟಿ, ಕೊನೆಗೆ ಗಾಲಿ ಉರುಳುವ ಬದಲು ಜಾರತೊಡಗುತ್ತದೆ. ಹಳಿಯನ್ನು ಬಟ್ಟೆಯಿಂದ ಒರೆಸಿದರೆ ಸಾಕು. ಬೆಲ್ಟಿನ ಯಂತ್ರವಾದರೆ ಬೆಲ್ಟಿಗೂ ಬೇಡ. ಗಾಲಿ ನೈಲಾನಿನದಾಗಿದ್ದರೆ ಅದರ ಮೈಗೆ ಬೇಡ, ಒಳಗಿನ ಗುಂಡುಗಳಿಗೆ ಒಂದು ಹನಿ ಸಾಕು. ಕೀಲುಗಳು ಮಡಚುವ ಜಾಗ, ಉಕ್ಕಿನ ದಂಡವನ್ನು ಹೊತ್ತ ಬೇರಿಂಗುಗಳು ಇವಕ್ಕೆ ಎಣ್ಣೆ ಬೇಕು. ಸ್ಪ್ರಿಂಗನ್ನು ಬಿಚ್ಚಬಾರದೇ ಹೊರತು, ಬಾಗಿಲು ಮುಚ್ಚಿರುವಾಗ ಅದರ ಸುರುಳಿಗಳ ಮೇಲೆ ದೂರದಿಂದ ತೆಳುವಾಗಿ ಸಿಂಪಡಿಸಬಹುದು. ಸುರುಳಿಗಳು ಒಂದನ್ನೊಂದು ಉಜ್ಜುವುದೂ ತುಕ್ಕು ಹಿಡಿಯುವುದೂ ಅದರಿಂದ ಕಡಿಮೆಯಾಗುತ್ತದೆ. ಸರಪಳಿಯ ಅಥವಾ ತಿರುಪಿನ ಯಂತ್ರವಾದರೆ ಅದರ ಕಂಬಿಯ ಮೇಲೆ ತೆಳುವಾದ ಗ್ರೀಸು. ಸರಪಳಿ ಸ್ವಲ್ಪ ಜೋತಿರುವುದು ಸಹಜ. ವೀಣೆಯ ತಂತಿಯಂತೆ ಬಿಗಿದರೆ ಮೋಟಾರಿನ ಹಲ್ಲುಗಳು ಸವೆಯುತ್ತವೆ. ಹೆಚ್ಚಾದ ಎಣ್ಣೆಯನ್ನು ಒರೆಸಿ ತೆಗೆಯುವುದರಲ್ಲಿ ಆ ಹಿರಿಯರು ಎಣ್ಣೆ ಹಾಕಿದ್ದಕ್ಕಿಂತ ಹೆಚ್ಚು ಹೊತ್ತು ಕಳೆಯುತ್ತಿದ್ದರು.

ಕೀಲೆಣ್ಣೆ ಎಂಬುದು ನಮ್ಮ ಭಾಷೆಯ ಚೆಲುವಾದ ಮಾತುಗಳಲ್ಲಿ ಒಂದು. ಬಂಡಿಯ ಗಾಲಿಗಳಿಗೆ ಎಣ್ಣೆ ಎರೆಯುತ್ತಿದ್ದ ಜನರ ಮಾತು. ವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ಸ್ನೇಹಕ ಎಂಬ ಹೆಸರೂ ಉಂಟು, ಏಕೆಂದರೆ ಸಂಸ್ಕೃತದಲ್ಲಿ ಸ್ನೇಹವೆಂದರೆ ಎಣ್ಣೆಯೂ ಹೌದು, ಒಲವೂ ಹೌದು. ಈ ಮಾತನ್ನು ಆ ಹಿರಿಯರಿಗೆ ವಿವರಿಸಿದಾಗ ಅವರು ತಲೆಯಾಡಿಸಿ, ಟಾರ್ಚನ್ನು ಕೊಂಚ ಎಡಕ್ಕೆ ಹಿಡಿಯಿರಿ ಫಾದರ್ ಎಂದರು.

ಈಗ ಮರದ ತುಂಡಿನ ಪ್ರಸ್ತಾಪಕ್ಕೆ ಬರುತ್ತೇನೆ. ಈ ಲೇಖನ ಬರೆಯಲು ಮುಖ್ಯ ಕಾರಣವೇ ಅದು. ಕೆಲಸವೆಲ್ಲ ಮುಗಿದು ಬಾಗಿಲನ್ನು ಮತ್ತೆ ಮೋಟಾರಿಗೆ ಜೋಡಿಸಿದ ಮೇಲೆ ಅವರು ಒಂದೂವರೆ ಅಂಗುಲ ದಪ್ಪದ ಆ ತುಂಡನ್ನು ಬಾಗಿಲು ಬಂದು ಕೂರುವ ನೆಲದ ನಡುವೆ ಚಪ್ಪಟೆಯಾಗಿ ಮಲಗಿಸಿ ಗುಂಡಿ ಒತ್ತುತ್ತಿದ್ದರು. ಬಾಗಿಲು ಇಳಿದು, ಮರವನ್ನು ತಾಕಿ, ಎರಡು ಸೆಕೆಂಡಿನೊಳಗೆ ಹಿಂತಿರುಗಿ ಮೇಲೇರಬೇಕು. ಅಲ್ಲಿಯೇ ಒತ್ತಿ ನಿಂತರೆ ಆ ಯಂತ್ರವನ್ನು ಸರಿಪಡಿಸುವ ತನಕ ಬಳಸಕೂಡದು. ಆ ಮರದ ತುಂಡು ಏನನ್ನು ಪ್ರತಿನಿಧಿಸುತ್ತದೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಹಿಂದಿನ ದಶಕಗಳಲ್ಲಿ ಅಮೆರಿಕದಲ್ಲಿ ಇಂತಹ ಬಾಗಿಲುಗಳ ಕೆಳಗೆ ಸಿಕ್ಕಿ ಹತ್ತಾರು ಮಕ್ಕಳು ಸತ್ತರು. ಇಳಿಯುವ ಬಾಗಿಲಿನ ಕೆಳಗೆ ನುಸುಳಿ ಓಡುವುದು ಮಕ್ಕಳಿಗೆ ಆಟ. ಗುಂಡಿ ಒತ್ತಿ, ಬಾಗಿಲು ಮುಚ್ಚುವುದರೊಳಗೆ ಹೊರಗೆ ಹಾರುವ ಪಂದ್ಯ. ಕೊನೆಗೆ ೧೯೯೦ರಲ್ಲಿ ಅಲ್ಲಿನ ಸಂಸತ್ತು ಕಾಯಿದೆಯೊಂದನ್ನು ಮಾಡಿತು. ಅದರ ಪ್ರಕಾರ ೧೯೯೩ರ ಜನವರಿ ೧ರಿಂದ ತಯಾರಾಗುವ ಮನೆಬಳಕೆಯ ಪ್ರತಿಯೊಂದು ಯಂತ್ರವೂ ತಡೆ ಎದುರಾದಾಗ ಹಿಂತಿರುಗಬೇಕು. ಅದಲ್ಲದೆ ಬಾಗಿಲಿನ ಎರಡು ಬದಿಯ ನಡುವೆ ಕಾಣದ ಬೆಳಕಿನ ಕಿರಣವನ್ನು ಹಾಯಿಸುವ ಕಣ್ಣುಗಳೋ ಅದಕ್ಕೆ ಸಮನಾದ ಇನ್ನೊಂದು ರಕ್ಷಣೆಯೋ ಇರಬೇಕು. ಈ ಕಣ್ಣುಗಳನ್ನು ನೆಲದಿಂದ ಆರು ಅಂಗುಲಕ್ಕಿಂತ ಎತ್ತರದಲ್ಲಿ ಇಡಬಾರದೆಂದು ನಿಯಮ. ಅಂಬೆಗಾಲಿಡುವ ಮಗುವೂ ಕಿರಣವನ್ನು ಕಡಿಯುವಂತಿರಲಿ ಎಂಬುದೇ ಅದರ ಆಶಯ. ಗೋಡೆಯ ಗುಂಡಿ ನೆಲದಿಂದ ಕನಿಷ್ಠ ಐದು ಅಡಿ ಎತ್ತರದಲ್ಲಿರಬೇಕೆಂಬುದೂ ಮಕ್ಕಳ ಕೈಗೆ ಎಟುಕಬಾರದೆಂದೇ.

ನಿಯಮವೇನೋ ಆಯಿತು. ಆದರೆ ನೆಲಕ್ಕೆ ಅಷ್ಟು ಹತ್ತಿರವಿರುವ ಕಣ್ಣಿಗೆ ಜೇಡ ಬಲೆ ಕಟ್ಟುತ್ತದೆ, ತರಗೆಲೆ ಅಡ್ಡ ಬರುತ್ತದೆ, ಹಿಮ ಎತ್ತುವ ಸಲಿಕೆ ತಾಗಿ ಅದು ಓರೆಯಾಗುತ್ತದೆ. ಆಗ ಬಾಗಿಲು ಮುಚ್ಚಲು ನಿರಾಕರಿಸುತ್ತದೆ, ಮೋಟಾರಿನ ದೀಪ ಮಿಣುಕುತ್ತದೆ. ಅವಸರದಲ್ಲಿರುವ ಮನುಷ್ಯ ಇದನ್ನು ಯಂತ್ರದ ಹಟವೆಂದು ತಿಳಿಯುತ್ತಾನೆ. ಎರಡು ಕಣ್ಣುಗಳನ್ನೂ ಕಿತ್ತು, ಮೇಲೆ ಮೋಟಾರಿನ ಬಳಿ ಒಂದಕ್ಕೊಂದು ಎದುರಾಗಿ ಅಂಟಿಸಿ, ತೊಂದರೆ ನೀಗಿತೆಂದು ನೆಮ್ಮದಿಪಡುವವರಿದ್ದಾರೆ. ಒಂದು ಮೆತ್ತನೆಯ ಬಟ್ಟೆಯಿಂದ ಒರೆಸಿ, ಎರಡೂ ಬದಿಯ ಸಣ್ಣ ದೀಪಗಳು ಸ್ಥಿರವಾಗಿ ಉರಿಯುವಂತೆ ಹೊಂದಿಸುವುದು ಐದು ನಿಮಿಷದ ಕೆಲಸ. ಆ ಐದು ನಿಮಿಷವನ್ನು ಉಳಿಸಲೆಂದು ಆ ರಕ್ಷಣೆಯನ್ನೇ ಇಲ್ಲವಾಗಿಸುವುದು ನನಗಂತೂ ಕ್ಷಮಿಸಲು ಕಷ್ಟವಾದ ಜಾಣತನ. ತಿಂಗಳಿಗೊಮ್ಮೆ ಮರದ ತುಂಡಿನ ಪರೀಕ್ಷೆ. ಅದರ ಜೊತೆಗೆ ಬಾಗಿಲು ಇಳಿಯುತ್ತಿರುವಾಗ ಕಿರಣಕ್ಕೆ ಅಡ್ಡಲಾಗಿ ಒಂದು ಪೊರಕೆಯ ಹಿಡಿಯನ್ನು ಚಾಚಿ, ಬಾಗಿಲು ಹಿಂತಿರುಗುವುದೇ ಎಂದು ನೋಡುವುದು. ಇದಕ್ಕೆ ಯಂತ್ರಕಾರನಾಗಿರಬೇಕಾದ ಅಗತ್ಯವಿಲ್ಲ, ಅಜ್ಜಿಯೂ ಮಾಡಬಲ್ಲಳು.

ಹೊಸ ಕಣ್ಣುಗಳಿಲ್ಲದ, ೧೯೯೩ಕ್ಕಿಂತ ಹಿಂದಿನ ಯಂತ್ರ ಹಳೆಯ ಬಾಡಿಗೆ ಮನೆಯಲ್ಲೆಲ್ಲಾದರೂ ಉಳಿದಿದ್ದರೆ ಅದಕ್ಕೆ ಎಣ್ಣೆ ಹಾಕುವುದು ವ್ಯರ್ಥ, ಬದಲಿಸುವುದೇ ಸರಿ.

ಮಕ್ಕಳ ವಿಷಯ ಹೇಳಿದೆ. ವೃದ್ಧರ ವಿಷಯವೂ ಇದೆ. ೨೦೧೭ರ ಅಕ್ಟೋಬರಿನಲ್ಲಿ ಉತ್ತರ ಕ್ಯಾಲಿಫೋರ್ನಿಯದಲ್ಲಿ ಕಾಡುಗಿಚ್ಚು ಊರುಗಳನ್ನೇ ನುಂಗಿತು. ಬೆಂಕಿ ಬಂದದ್ದು ರಾತ್ರಿ, ವಿದ್ಯುತ್ ಕಡಿದುಹೋಗಿತ್ತು. ಕಾರು ಗ್ಯಾರೇಜಿನಲ್ಲಿ, ಬಾಗಿಲು ತೆರೆಯದು. ಹೀಗೆ ಹೊರಬರಲಾಗದೆ ಕೆಲವು ಹಿರಿಯರು ಪ್ರಾಣ ಬಿಟ್ಟರು. ಮರುವರ್ಷ ಆ ರಾಜ್ಯ ಕಾಯಿದೆ ಮಾಡಿ, ೨೦೧೯ರ ಜುಲೈ ೧ರಿಂದ ಅಲ್ಲಿ ಮಾರಾಟವಾಗುವ ಪ್ರತಿಯೊಂದು ಯಂತ್ರಕ್ಕೂ ವಿದ್ಯುತ್ ಹೋದಾಗ ಕೆಲಸ ಮಾಡುವ ಬ್ಯಾಟರಿ ಇರಬೇಕೆಂದು ವಿಧಿಸಿತು. ಬೇರೆ ರಾಜ್ಯಗಳಲ್ಲಿ ಎಷ್ಟೋ ಮನೆಗಳ ಯಂತ್ರಗಳಿಗೆ ಬ್ಯಾಟರಿ ಇಲ್ಲ. ಇದ್ದ ಬ್ಯಾಟರಿಗೂ ಆಯುಷ್ಯವುಂಟು.

ವಿದ್ಯುತ್ ಇಲ್ಲದ ರಾತ್ರಿಯ ಅನುಭವ ನನಗೂ ಒಮ್ಮೆ ಆಯಿತು. ಜನವರಿಯ ನಡುರಾತ್ರಿ ಎರಡು ಗಂಟೆಗೆ, ಸಾವಿನ ಸಮೀಪದಲ್ಲಿರುವವರೊಬ್ಬರಿಗೆ ರೋಗಿಗಳ ಅಭ್ಯಂಗ ಸಂಸ್ಕಾರ ನೀಡಲು ಕರೆ ಬಂತು. ಮಂಜಿನ ಮಳೆಗೆ ತಂತಿಗಳು ಕಡಿದು ಊರೆಲ್ಲ ಕತ್ತಲು. ಕೆಂಪು ಹಗ್ಗವನ್ನೆಳೆದು, ನೆಲಕ್ಕೆ ಅಂಟಿ ಹೆಪ್ಪುಗಟ್ಟಿದ್ದ ಕೆಳಗಿನ ರಬ್ಬರನ್ನು ಕಾಲಿನಿಂದ ಮೆಲ್ಲನೆ ತಟ್ಟಿ ಬಿಡಿಸಿ ಎತ್ತಿದೆ. ನೂರು ಕಿಲೋದ ಆ ಬಾಗಿಲು ಒಂದು ಕೈಗೆ ಏರಿತು. ಅಕ್ಟೋಬರಿನಲ್ಲಿ ಸ್ಪ್ರಿಂಗಿನ ಸಮತೋಲ ನೋಡಿದ್ದರಿಂದ, ಗಾಲಿಗಳಿಗೆ ಎಣ್ಣೆ ಬಿದ್ದಿದ್ದರಿಂದ ಏರಿತು. ಹೊರಟ ಮೇಲೆ ಅದನ್ನು ಕೈಯಿಂದಲೇ ಇಳಿಸಿ, ಒಳಗಿನ ಚಿಲಕ ಹಾಕಿ, ಪಕ್ಕದ ಸಣ್ಣ ಬಾಗಿಲಿನಿಂದ ಬಂದೆ. ಮೋಟಾರಿನಿಂದ ಬೇರ್ಪಟ್ಟ ಬಾಗಿಲಿಗೆ ಬೇರೆ ಬೀಗವಿರುವುದಿಲ್ಲ ಎಂಬುದು ನೆನಪಿರಲಿ. ವಿದ್ಯುತ್ ಬಂದ ಮೇಲೆ ಚಿಲಕ ತೆಗೆಯದೆ ಗುಂಡಿ ಒತ್ತಿದರೆ ಬಾಗಿಲು ಸೊಟ್ಟಗಾಗುತ್ತದೆ, ಅದೂ ನೆನಪಿರಲಿ. ಬಾಗಿಲು ಮುಚ್ಚಿರುವಾಗ ಒಳಗೆ ಕಾರನ್ನು ಚಾಲೂ ಮಾಡಿ ಬಿಸಿಯೇರಿಸುವುದು ಮಾತ್ರ ಎಂದಿಗೂ ಬೇಡ. ಅದರ ಹೊಗೆಯ ವಿಷಾನಿಲಕ್ಕೆ ವಾಸನೆಯಿಲ್ಲ.

ನಮ್ಮ ಮಕ್ಕಳು ಊರಿನಿಂದ ಬಂದ ತಂದೆತಾಯಿಗಳಿಗೆ ಮೊದಲ ದಿನವೇ ಟಿ.ವಿ.ಯ ರಿಮೋಟು, ವೈಫೈನ ಗುಪ್ತಪದ, ಒಲೆಯ ಗುಂಡಿ ಎಲ್ಲವನ್ನೂ ತೋರಿಸುತ್ತಾರೆ. ಕೆಂಪು ಹಗ್ಗವನ್ನು ತೋರಿಸಿದವರನ್ನು ನಾನು ಕಂಡದ್ದು ಕಡಿಮೆ. ಹಗಲು ಹತ್ತರಿಂದ ಆರರವರೆಗೆ ಮಗುವಿನೊಡನೆ ಮನೆಯಲ್ಲಿ ಒಂಟಿಯಾಗಿರುವವರು ಅವರು. ಹಗ್ಗ ಎಟುಕದಷ್ಟು ಕುಳ್ಳಗಿರುವ ಅಜ್ಜಿಯಾದರೆ ಹಿಡಿಕೆಗೆ ಇನ್ನೊಂದು ಗೇಣು ದಾರ ಸೇರಿಸಿ ಕಟ್ಟಬಹುದು. ಕಾರಿಗೆ ಸಿಕ್ಕಿಕೊಳ್ಳದಷ್ಟು ಮಾತ್ರ ಉದ್ದವಿರಲಿ.

ಮುಂದಿನ ಭಾನುವಾರ ಮಗನೋ ಮಗಳೋ ಫೋನು ಮಾಡಿದಾಗ, ಮೊಮ್ಮಗುವಿಗೆ ಹಲ್ಲು ಮೂಡಿತೇ, ನಡೆಯಲು ಶುರುಮಾಡಿತೇ ಎಂದು ವಿಚಾರಿಸಿದ ಮೇಲೆ, ಗ್ಯಾರೇಜಿನ ಬಾಗಿಲಿಗೆ ಎಣ್ಣೆ ಹಾಕಿ ಎಷ್ಟು ದಿನವಾಯಿತು ಎಂದೂ ಕೇಳಿ. ಅಪ್ಪನಿಗೆ ಇದ್ದಕ್ಕಿದ್ದಂತೆ ಇದೇನು ಹೊಳೆಯಿತು ಎಂದು ಅವರು ನಗಬಹುದು. ನಗಲಿ. ಹಾಗೆಯೇ ಫೋನನ್ನು ಗ್ಯಾರೇಜಿಗೆ ತೆಗೆದುಕೊಂಡು ಹೋಗಿ, ಬಾಗಿಲಿನ ಕೆಳಗೆ ಒಂದು ಮರದ ತುಂಡನ್ನಿಟ್ಟು ಗುಂಡಿ ಒತ್ತಿ ತೋರಿಸಲು ಹೇಳಿ. ಈಗಿನ ಫೋನುಗಳಲ್ಲಿ ಇಲ್ಲಿಂದಲೇ ನೋಡಬಹುದು.